ಎರಡು ಪಂದ್ಯಗಳ ನಡುವಿನ ವಾರ

ಫೆಬ್ರವರಿ ನಡುಭಾಗದಿಂದ ಮೇ ಕೊನೆಯವರೆಗೆ ಯುರೋಪಿನ ಕ್ಲಬ್ ಫುಟ್‌ಬಾಲ್ ನೋಡುವವರ ಮನೆಯಲ್ಲಿ ಬೇರೆಯದೇ ಪಂಚಾಂಗ ನಡೆಯುತ್ತದೆ. ಮಂಗಳವಾರ, ಬುಧವಾರ ಎಂದರೆ ನಾಕೌಟ್. ಮಿಕ್ಕ ದಿನಗಳಲ್ಲಿ ಆ ಎರಡು ರಾತ್ರಿಗಳ ಲೆಕ್ಕಾಚಾರ. ಚಾಂಪಿಯನ್ಸ್ ಲೀಗ್‌ನ ನಾಕೌಟ್ ಪಂದ್ಯಗಳು ಮತ್ತೆ ಹತ್ತಿರ ಬಂದಿವೆ. ಆರ್ಸೆನಲ್ ಬೆಂಬಲಿಗನಾದ ನನಗೆ ವರ್ಷದಲ್ಲಿ ಇದಕ್ಕಿಂತ ಹಿತವಾದ ಕಾಲವಿಲ್ಲ, ಇದಕ್ಕಿಂತ ಸಂಕಟದ ಕಾಲವೂ ಇಲ್ಲ. ಇಂಗ್ಲಿಷ್ ಲೀಗ್ ಪಟ್ಟವನ್ನು ಹಲವು ಬಾರಿ ಗೆದ್ದ ಈ ಕ್ಲಬ್ಬು ಯುರೋಪಿನ ಅತಿದೊಡ್ಡ ಕಪ್ಪನ್ನು ಒಮ್ಮೆಯೂ ಎತ್ತಿಲ್ಲ. 2006ರಲ್ಲಿ ಪ್ಯಾರಿಸ್‌ನ ಫೈನಲ್‌ನಲ್ಲಿ ಗೋಲ್‌ಕೀಪರ್ ಯೆನ್ಸ್ ಲೆಹ್ಮನ್ 18ನೇ ನಿಮಿಷಕ್ಕೇ ಕೆಂಪು ಕಾರ್ಡ್ ಪಡೆದು ಹೊರನಡೆದರೂ, ಹತ್ತೇ ಮಂದಿ ಮುನ್ನಡೆ ಪಡೆದು, ಪಂದ್ಯ ಮುಗಿಯಲು ಕಾಲು ಗಂಟೆ ಇರುವವರೆಗೂ ಅದನ್ನು ಕಾಪಾಡಿಕೊಂಡಿದ್ದರು. ಆಮೇಲೆ ಬಾರ್ಸಿಲೋನಾದ ಎಟೊ, ಬೆಲೆಟ್ಟಿ ಒಬ್ಬರ ಹಿಂದೊಬ್ಬರು ಗೋಲು ಹೊಡೆದರು. ಅಂದಿನಿಂದ ಪ್ರತಿ ವಸಂತವೂ ಬಾಕಿ ಉಳಿದ ಲೆಕ್ಕವೇ.

ಈ ಟೂರ್ನಿಯ ನಿಜವಾದ ರುಚಿ ಎಲ್ಲಿದೆ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ: ಮೊದಲ ಲೆಗ್ ಮುಗಿದು ಎರಡನೆಯದು ಶುರುವಾಗುವವರೆಗಿನ ದಿನಗಳಲ್ಲಿ. ವಿಶ್ವಕಪ್‌ನಲ್ಲಿ ಸೋತ ತಂಡ ಅಂದೇ ಪೆಟ್ಟಿಗೆ ಕಟ್ಟುತ್ತದೆ. ಲೀಗ್‌ನಲ್ಲಿ ಸೋತರೆ ಮುಂದಿನ ವಾರ ಬೇರೆ ಎದುರಾಳಿ, ಹಳೆಯ ನೋವು ಅಲ್ಲಿಗೆ ಮುಗಿಯಿತು. ಆದರೆ ಇಲ್ಲಿ, ಅರ್ಧ ಮುಗಿದ ಜಗಳವನ್ನು ಒಂದು ವಾರ ಎದೆಯಲ್ಲಿಟ್ಟುಕೊಂಡು ಓಡಾಡಬೇಕು. ಅದೇ ಹನ್ನೊಂದು ಮಂದಿ, ಅದೇ ಎದುರಾಳಿ, ಬೇರೆ ಅಂಗಳ. ಏನಾಯಿತು ಎಂಬುದು ಗೊತ್ತು, ಏನಾಗಲಿದೆ ಎಂಬುದು ಗೊತ್ತಿಲ್ಲ. ಎರಡೂ ಸೇರಿ ಮನಸ್ಸನ್ನು ಬಿಡುವುದೇ ಇಲ್ಲ.

ಈಗಿನ ವ್ಯವಸ್ಥೆಯನ್ನು ಒಮ್ಮೆ ಹೇಳಿಬಿಡುತ್ತೇನೆ. 2024–25ರಿಂದ ಗುಂಪುಗಳು ಹೋಗಿ, 36 ತಂಡಗಳ ಒಂದೇ ಪಟ್ಟಿ ಬಂದಿದೆ. ಪ್ರತಿ ತಂಡಕ್ಕೆ ಎಂಟು ಪಂದ್ಯ. ಮೊದಲ ಎಂಟು ಸ್ಥಾನದವರು ನೇರವಾಗಿ 16ರ ಘಟ್ಟಕ್ಕೆ. 9ರಿಂದ 24ರವರೆಗಿನವರು ಫೆಬ್ರವರಿಯಲ್ಲಿ ಪ್ಲೇಆಫ್ ಆಡಿ ಉಳಿದ ಎಂಟು ಜಾಗ ತುಂಬುತ್ತಾರೆ. 25ರಿಂದ ಕೆಳಗಿನವರು ಮನೆಗೆ. ಮೇಲಿನ ಎಂಟು ತಂಡಗಳಿಗೆ ಸಿಗುವ ದೊಡ್ಡ ಬಹುಮಾನವೆಂದರೆ 16ರ ಘಟ್ಟದ ಎರಡನೇ ಲೆಗ್ ತವರಿನಲ್ಲಿ ಆಡುವ ಅವಕಾಶ. 2025–26ರಿಂದ ಮೊದಲ ನಾಲ್ಕು ಸ್ಥಾನದವರಿಗೆ ಕ್ವಾರ್ಟರ್‌ಫೈನಲ್‌ನಲ್ಲೂ, ಮೊದಲ ಎರಡು ಸ್ಥಾನದವರಿಗೆ ಸೆಮಿಫೈನಲ್‌ನಲ್ಲೂ ಆ ಅನುಕೂಲ ಮುಂದುವರಿಯುತ್ತದೆ. ಸೆಪ್ಟೆಂಬರಿನಿಂದ ಜನವರಿವರೆಗಿನ ಆ ಲೀಗ್ ಹಂತ ನನಗೆ ಇನ್ನೂ ಒಗ್ಗಿಲ್ಲ. ಪಂದ್ಯಗಳು ವಿಪರೀತ, ಒಂದೊಂದರ ತೂಕ ಕಡಿಮೆ. ಕೊನೆಯ ರಾತ್ರಿ 18 ಪಂದ್ಯಗಳು ಒಟ್ಟಿಗೆ ಶುರುವಾಗಿ ಪಟ್ಟಿ ನಿಮಿಷಕ್ಕೊಮ್ಮೆ ಬದಲಾಗುವಾಗ ಮಾತ್ರ ಮೈ ಬಿಸಿಯಾಗುತ್ತದೆ. ಅಲ್ಲಿಂದ ಮುಂದೆ ಬರುವುದು ನಮಗೆ ಗೊತ್ತಿರುವ ಹಳೆಯ ಟೂರ್ನಿ.

ಹೊಸ ವ್ಯವಸ್ಥೆ ಕಾಯುವವರಿಗೆ ಒಂದು ಒಳ್ಳೆಯದನ್ನೂ ಮಾಡಿದೆ. ಸ್ಥಾನ ನೋಡಿದರೆ ಮುಂದೆ ಯಾರು ಸಿಗಬಹುದು ಎಂದು ಮೊದಲೇ ಅಂದಾಜಾಗುತ್ತದೆ. 2024–25ರಲ್ಲಿ 15ನೇ ಸ್ಥಾನದಲ್ಲಿ ಮುಗಿಸಿದ ಪಿಎಸ್‌ಜಿ ತಂಡಕ್ಕೆ, ಪ್ಲೇಆಫ್ ಗೆದ್ದರೆ ಲಿವರ್‌ಪೂಲ್ ಅಥವಾ ಬಾರ್ಸಿಲೋನಾ, ಇಬ್ಬರಲ್ಲಿ ಒಬ್ಬರು ಎಂಬುದು ಖಚಿತವಾಗಿತ್ತು. ಬ್ರೆಸ್ಟ್ ತಂಡವನ್ನು ಎರಡು ಲೆಗ್‌ಗಳಲ್ಲಿ ಒಟ್ಟು 10–0ಯಿಂದ ಮುಗಿಸಿ ಬಂದ ಮೇಲೆ, ಸ್ವಿಟ್ಜರ್ಲೆಂಡಿನ ನಿಯೋನ್‌ನಲ್ಲಿ ಚೀಟಿ ಎತ್ತಿದಾಗ ಬಂದದ್ದು ಲಿವರ್‌ಪೂಲ್, ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿದ್ದ ತಂಡ. ಪ್ಯಾರಿಸ್‌ನ ಮೊದಲ ಲೆಗ್‌ನಲ್ಲಿ ಪಿಎಸ್‌ಜಿ 27 ಬಾರಿ ಗೋಲಿನತ್ತ ಹೊಡೆಯಿತು, ಲಿವರ್‌ಪೂಲ್ ಎರಡೇ ಬಾರಿ. ಅವರ ಗೋಲ್‌ಕೀಪರ್ ಅಲಿಸನ್ ಗೋಡೆಯಂತೆ ನಿಂತರು. 87ನೇ ನಿಮಿಷದಲ್ಲಿ, ಆಗಷ್ಟೇ ಬದಲಿಯಾಗಿ ಬಂದಿದ್ದ ಹಾರ್ವಿ ಎಲಿಯಟ್ ಗೋಲು ಹೊಡೆದು ಲಿವರ್‌ಪೂಲ್‌ಗೆ 1–0 ಗೆಲುವು ಕೊಟ್ಟರು.

ಆ ಮೇಲಿನ ಆರು ದಿನಗಳು ನನಗೆ ಬಹಳ ಇಷ್ಟ. ಅಂಕಿ ಒಂದು ಕಥೆ ಹೇಳುತ್ತಿತ್ತು, ಆಟ ಇನ್ನೊಂದು ಹೇಳಿತ್ತು. ಯಾವುದನ್ನು ನಂಬಬೇಕು? ಪಂದ್ಯ ನೋಡಿದವರೆಲ್ಲರಿಗೂ ಪ್ಯಾರಿಸ್ ಹುಡುಗರು ಎಷ್ಟು ಮೇಲಿದ್ದರೆಂಬುದು ಗೊತ್ತಿತ್ತು. ಆದರೂ ಲಿವರ್‌ಪೂಲ್‌ನ ತವರು ಆ್ಯನ್‌ಫೀಲ್ಡ್‌ನಲ್ಲಿ, ಒಂದು ಗೋಲಿನ ಹಿನ್ನಡೆ ಹೊತ್ತು, ಇಡೀ ಯುರೋಪಿನಲ್ಲಿ ಆ ಹೊತ್ತಿಗೆ ಅತ್ಯುತ್ತಮ ಎನಿಸಿಕೊಂಡ ತಂಡದ ವಿರುದ್ಧ ಗೆಲ್ಲುತ್ತಾರೆ ಎಂದು ಬಾಯಿಬಿಟ್ಟು ಹೇಳಲು ಧೈರ್ಯ ಬೇಕಿತ್ತು. ಮಾರ್ಚ್ 11ರಂದು ಪಿಎಸ್‌ಜಿಯ ಡೆಂಬೆಲೆ ಬೇಗನೆ ಗೋಲು ಹೊಡೆದರು. ಹೆಚ್ಚುವರಿ ಸಮಯವೂ ಮುಗಿದು ಶೂಟೌಟ್‌ಗೆ ಹೋದಾಗ ಅವರ ಗೋಲ್‌ಕೀಪರ್ ಡೊನ್ನರುಮಾ ಎರಡು ಪೆನಾಲ್ಟಿ ತಡೆದರು. ಅದೇ ತಂಡ ಮೇ 31ರಂದು ಮ್ಯೂನಿಕ್‌ನಲ್ಲಿ ಇಂಟರ್ ಮಿಲಾನ್ ವಿರುದ್ಧ 5–0ಯಿಂದ ಗೆದ್ದು ಮೊದಲ ಬಾರಿಗೆ ಕಪ್ ಎತ್ತಿತು. ಮೊದಲ ಲೆಗ್ ಒಂದೇ ಇದ್ದಿದ್ದರೆ ಆ ಕಥೆಯೇ ಇರುತ್ತಿರಲಿಲ್ಲ. ದಂಡಿಯಾಗಿ ಅವಕಾಶ ಸೃಷ್ಟಿಸಿಯೂ ಸೋತ ತಂಡವೊಂದು ಮಾರ್ಚ್ ಮೊದಲ ವಾರದಲ್ಲೇ ಮರೆತುಹೋಗುತ್ತಿತ್ತು. ಎರಡು ಲೆಗ್‌ಗಳ ನ್ಯಾಯ ಇರುವುದೇ ಇಲ್ಲಿ. ಅದೃಷ್ಟಕ್ಕೆ ಒಂದು ರಾತ್ರಿ ಸಿಗಬಹುದು, ಎರಡು ರಾತ್ರಿ ಸಿಗುವುದು ಕಷ್ಟ.

1955ರಲ್ಲಿ ಯುರೋಪಿಯನ್ ಕಪ್ ಎಂಬ ಹೆಸರಿನಲ್ಲಿ ಈ ಟೂರ್ನಿ ಹುಟ್ಟಿದಾಗಿನಿಂದಲೂ ತವರಿನಲ್ಲೊಂದು, ಹೊರಗೊಂದು ಎಂಬ ಪದ್ಧತಿಯೇ ನಡೆದುಬಂದಿದೆ. ಎರಡೂ ಮುಗಿದು ಸಮಬಲವಾದರೆ ಏನು ಮಾಡಬೇಕು ಎಂಬುದಕ್ಕೆ ಮಾತ್ರ ಯುರೋಪ್ ದಶಕಗಳ ಕಾಲ ತಡಕಾಡಿತು. ಮೊದಮೊದಲು ಮೂರನೇ ಪಂದ್ಯವೊಂದನ್ನು ತಟಸ್ಥ ಊರಿನಲ್ಲಿ ಆಡಿಸುತ್ತಿದ್ದರು. 1965ರ ಮಾರ್ಚ್‌ನಲ್ಲಿ ಲಿವರ್‌ಪೂಲ್ ಮತ್ತು ಜರ್ಮನಿಯ ಕಲೋನ್ ತಂಡಗಳು ಎರಡು ಲೆಗ್‌ಗಳಲ್ಲೂ 0–0 ಆಡಿ, ಮೂರನೇ ಪಂದ್ಯಕ್ಕೆ ರೋಟರ್‌ಡ್ಯಾಮ್‌ಗೆ ಹೋದವು. ಅಲ್ಲೂ 2–2. ಆಗ ನಿಯಮದಲ್ಲಿ ಉಳಿದಿದ್ದು ಟಾಸ್ ಒಂದೇ. ಕೆಂಪು ಒಂದು ಬದಿ, ಬಿಳಿ ಇನ್ನೊಂದು ಬದಿ ಇದ್ದ ಬಿಲ್ಲೆಯನ್ನು ರೆಫರಿ ಮೇಲಕ್ಕೆ ಚಿಮ್ಮಿದರು. ತುಳಿದು ಕೆಸರಾಗಿದ್ದ ನೆಲದಲ್ಲಿ ಅದು ಅಂಚಿನ ಮೇಲೆ ನೆಟ್ಟಗೆ ನಿಂತುಬಿಟ್ಟಿತು. ಎರಡನೇ ಸಲ ಚಿಮ್ಮಿದಾಗ ಅದೃಷ್ಟ ಲಿವರ್‌ಪೂಲ್ ಕಡೆಗಿತ್ತು. 300 ನಿಮಿಷ ಆಡಿಯೂ ಒಬ್ಬರಿಗೊಬ್ಬರು ಸೋಲದ ತಂಡಗಳಲ್ಲಿ ಒಂದನ್ನು ಕೆಸರಿನ ಬಿಲ್ಲೆ ಮನೆಗೆ ಕಳಿಸಿತು. ಆ ರಾತ್ರಿ ಕಲೋನ್ ಆಟಗಾರರು ಬಸ್ ಹತ್ತಿದ ಬಗೆಯನ್ನು ಊಹಿಸಿದರೆ ಅರವತ್ತು ವರ್ಷದ ಮೇಲೂ ಹೊಟ್ಟೆ ತೊಳೆಸುತ್ತದೆ.

ಹೊರಗಿನ ಗೋಲಿನ ನಿಯಮ ಬಂದದ್ದು ಅದೇ 1965ರಲ್ಲಿ, ಮೊದಲು ಕಪ್ ವಿನ್ನರ್ಸ್ ಕಪ್ ಎಂಬ ಸೋದರ ಟೂರ್ನಿಗೆ, ಸ್ವಲ್ಪ ಸಮಯದಲ್ಲೇ ಇದಕ್ಕೂ. ಒಟ್ಟು ಗೋಲು ಸಮವಾದರೆ, ಎದುರಾಳಿಯ ಅಂಗಳದಲ್ಲಿ ಹೆಚ್ಚು ಗೋಲು ಹೊಡೆದವರು ಮುಂದಕ್ಕೆ. ಆ ಕಾಲಕ್ಕೆ ಅದು ಸರಿಯಿತ್ತು. ದೂರದ ಪ್ರಯಾಣ, ಗೊತ್ತಿಲ್ಲದ ಮೈದಾನ, ಒಗ್ಗದ ಹವೆ, ಇವುಗಳ ನಡುವೆ ಹೊರಗೆ ಹೋದ ತಂಡ ಬಾಗಿಲು ಹಾಕಿಕೊಂಡು ರಕ್ಷಣೆಗೇ ನಿಲ್ಲುತ್ತಿತ್ತು. ಅವರನ್ನು ಮುಂದಕ್ಕೆ ಎಳೆಯಲು ಹೊರಗಿನ ಗೋಲಿಗೆ ಬೆಲೆ ಕಟ್ಟಿದರು. ಬರಬರುತ್ತಾ ಅದು ತಿರುಗುಬಾಣವಾಯಿತು. ತವರಿನ ತಂಡವೇ ಒಂದು ಗೋಲು ಬಿಟ್ಟುಕೊಟ್ಟರೆ ಗತಿಯೇನು ಎಂದು ಹೆದರಿ ಆಡತೊಡಗಿತು. 2021ರಲ್ಲಿ ಯುರೋಪಿನ ಫುಟ್‌ಬಾಲ್ ಆಡಳಿತ ಸಂಸ್ಥೆ ಯುಇಎಫ್‌ಎ ಆ ನಿಯಮವನ್ನು ಕೈಬಿಟ್ಟಿತು. ಈಗ ಯಾವ ಅಂಗಳದ ಗೋಲಾದರೂ ಒಂದೇ ಬೆಲೆ. ಸಮವಾದರೆ ಹೆಚ್ಚುವರಿ ಸಮಯ, ಆಮೇಲೆ ಶೂಟೌಟ್.

ಆರ್ಸೆನಲ್ ಬೆಂಬಲಿಗರಿಗೆ ಈ ನಿಯಮದ ಮೇಲೆ ಸಿಟ್ಟಿರಲು ಕಾರಣಗಳಿವೆ. 2013ರಲ್ಲಿ ಬಯರ್ನ್ ಮ್ಯೂನಿಕ್ ವಿರುದ್ಧ ತವರಿನಲ್ಲಿ 1–3ರಿಂದ ಸೋತು, ಮ್ಯೂನಿಕ್‌ಗೆ ಹೋಗಿ 2–0ಯಿಂದ ಗೆದ್ದು ಬಂದರು. ಒಟ್ಟು 3–3, ಆದರೂ ಹೊರಕ್ಕೆ. ಆ ಬಯರ್ನ್ ಆ ವರ್ಷ ಕಪ್ ಗೆದ್ದಿತು ಎಂಬುದರಿಂದ ಸ್ವಲ್ಪ ಸಮಾಧಾನ ಪಟ್ಟುಕೊಳ್ಳಬಹುದು. 2015ರ ಮೊನಾಕೊ ಸೋಲಿಗೆ ಆ ಸಮಾಧಾನವೂ ಇಲ್ಲ. ತವರಿನ ಪಂದ್ಯದ ಇಂಜುರಿ ಅವಧಿಯಲ್ಲಿ ಆರ್ಸೆನಲ್ ಒಂದು ಗೋಲು ಹಿಂತಿರುಗಿಸಿ 1–2 ಮಾಡಿಕೊಂಡಿತ್ತು. ಅಷ್ಟಕ್ಕೆ ತೃಪ್ತಿಪಟ್ಟಿದ್ದರೆ ಸಾಕಿತ್ತು. ಸಮ ಮಾಡುವ ಆಸೆಯಲ್ಲಿ ಎಲ್ಲರೂ ಮುಂದೆ ನುಗ್ಗಿದರು, ಹಿಂದೆ ಬಟಾಬಯಲು. ಫೆರೆರಾ ಕರಾಸ್ಕೊ ಓಡಿಬಂದು ಮೂರನೆಯದನ್ನು ಹೊಡೆದರು. ಎರಡನೇ ಲೆಗ್‌ನಲ್ಲಿ ಮೊನಾಕೊದಲ್ಲಿ 2–0ಯಿಂದ ಗೆದ್ದರೂ ಆ ಒಂದು ಗೋಲು ನಮ್ಮನ್ನು ಮುಗಿಸಿತು. ಮೊದಲ ಲೆಗ್‌ನ ಕೊನೆಯ ಕ್ಷಣದಲ್ಲಿ ಆದ ಎಡವಟ್ಟನ್ನು ಮೂರು ವಾರ ಹೊಟ್ಟೆಯಲ್ಲಿಟ್ಟುಕೊಂಡು, ಕೊನೆಗೆ ಅದೇ ನಿರ್ಣಾಯಕವಾಯಿತೆಂದು ತಿಳಿಯುವುದು ಬೇರೆ ಯಾವ ಆಟದಲ್ಲೂ ಸಿಗದ ನೋವು.

ಹಾಗಿದ್ದೂ ಆ ನಿಯಮ ಹೋದದ್ದು ನನಗೆ ಪೂರ್ತಿ ಸಂತೋಷವಲ್ಲ. ಕಾಯುವ ದಿನಗಳಲ್ಲಿ ಅದು ಮನಸ್ಸಿಗೆ ಒಳ್ಳೆಯ ಕೆಲಸ ಕೊಡುತ್ತಿತ್ತು. ‘ನಾವು ಒಂದು ಹೊಡೆದರೆ ಅವರಿಗೆ ಮೂರು ಬೇಕು’ ಎಂಬಂಥ ಲೆಕ್ಕಗಳು ಬಸ್‌ನಲ್ಲಿ, ಸ್ನಾನದ ಮನೆಯಲ್ಲಿ, ಆಫೀಸಿನ ಮೀಟಿಂಗ್‌ನಲ್ಲಿ ತಲೆಯೊಳಗೆ ಓಡುತ್ತಿದ್ದವು. 2019ರ ಸೆಮಿಫೈನಲ್‌ನಲ್ಲಿ ಅಯಾಕ್ಸ್ ವಿರುದ್ಧ ಟಾಟನ್‌ಹ್ಯಾಮ್‌ನ ಲುಕಾಸ್ ಮೌರಾ 96ನೇ ನಿಮಿಷದಲ್ಲಿ ತಮ್ಮ ಮೂರನೇ ಗೋಲು ಹೊಡೆದು, ಒಟ್ಟು 3–3 ಆಗಿ, ಆ ಕ್ಷಣಕ್ಕೇ ಎಲ್ಲ ಮುಗಿದುಹೋಯಿತಲ್ಲ, ಆ ಹಠಾತ್ ಅಂತ್ಯ ಹೊರಗಿನ ಗೋಲಿನ ಕೊಡುಗೆ. ಇಂದಿನ ನಿಯಮದಲ್ಲಿ ಅಲ್ಲಿಂದ ಇನ್ನೂ ಅರ್ಧ ಗಂಟೆ ಆಟ ಇರುತ್ತಿತ್ತು. 2022ರ ಸೆಮಿಫೈನಲ್ ಇದರ ಇನ್ನೊಂದು ಮುಖ. ಮ್ಯಾಂಚೆಸ್ಟರ್ ಸಿಟಿ ಮೊದಲ ಲೆಗ್‌ ಅನ್ನು 4–3ರಿಂದ ಗೆದ್ದು, ಎರಡನೆಯದರಲ್ಲಿ 90ನೇ ನಿಮಿಷ ಬರುವವರೆಗೂ ಮುಂದಿತ್ತು. ರಿಯಲ್ ಮ್ಯಾಡ್ರಿಡ್‌ನ ರೊಡ್ರಿಗೊ ಒಂದೂವರೆ ನಿಮಿಷದೊಳಗೆ ಎರಡು ಗೋಲು ಹೊಡೆದರು. ಹಳೆಯ ನಿಯಮ ಇದ್ದಿದ್ದರೆ ಎರಡನೇ ಗೋಲಿಗೇ ಮ್ಯಾಡ್ರಿಡ್ ಫೈನಲ್‌ಗೆ. ಹೊಸ ನಿಯಮದಿಂದಾಗಿ ಸಿಟಿಗೆ ಇನ್ನೊಂದು ಅವಕಾಶ ಸಿಕ್ಕಿತು. ಬೆಂಜೆಮಾ ಪೆನಾಲ್ಟಿ ಅದನ್ನೂ ಮುಚ್ಚಿತು.

ಕಾಯುವುದು ಏನು ಎಂಬುದನ್ನು ನಾನು ಸರಿಯಾಗಿ ಅನುಭವಿಸಿದ್ದು 2025ರ ಏಪ್ರಿಲ್ 8ರಿಂದ 16ರವರೆಗೆ. ಕ್ವಾರ್ಟರ್‌ಫೈನಲ್, ಎದುರಿಗೆ ರಿಯಲ್ ಮ್ಯಾಡ್ರಿಡ್. ಹಿಂದಿನ ವರ್ಷದ ಚಾಂಪಿಯನ್, ಒಟ್ಟು 15 ಬಾರಿ ಕಪ್ ಗೆದ್ದ ಕ್ಲಬ್. ಆರ್ಸೆನಲ್‌ಗೆ ಸ್ಟ್ರೈಕರ್‌ಗಳೇ ಇರಲಿಲ್ಲ. ಹಾವರ್ಟ್ಸ್, ಜೆಸುಸ್ ಇಬ್ಬರೂ ಗಾಯಾಳುಗಳು. ಮಿಡ್‌ಫೀಲ್ಡರ್ ಮಿಕೆಲ್ ಮೆರಿನೊ ಅವರನ್ನು ಮುಂದೆ ನಿಲ್ಲಿಸಿದ್ದರು. 58ನೇ ನಿಮಿಷದಲ್ಲಿ ಫ್ರೀಕಿಕ್ ಸಿಕ್ಕಿತು. ಡೆಕ್ಲನ್ ರೈಸ್ ಚೆಂಡಿನ ಮುಂದೆ ನಿಂತರು. ಅಲ್ಲಿಯವರೆಗಿನ ವೃತ್ತಿಜೀವನದಲ್ಲಿ ಅವರು ಫ್ರೀಕಿಕ್‌ನಿಂದ ನೇರವಾಗಿ ಗೋಲು ಹೊಡೆದವರೇ ಅಲ್ಲ. ಚೆಂಡು ಆಟಗಾರರ ಗೋಡೆಯನ್ನು ಹೊರಬದಿಯಿಂದ ಬಳಸಿ, ಮ್ಯಾಡ್ರಿಡ್ ಗೋಲ್‌ಕೀಪರ್ ಕೋರ್ತ್ವಾ ಚಾಚಿದ ಕೈಯಿಂದ ಆಚೆಗೆ ತಿರುಗಿ ಬಲೆ ಸೇರಿತು. ಹನ್ನೆರಡು ನಿಮಿಷದಲ್ಲಿ ಇನ್ನೊಂದು ಫ್ರೀಕಿಕ್. ಈ ಸಲ ಕಂಬ ಮತ್ತು ಅಡ್ಡಪಟ್ಟಿ ಕೂಡುವ ಮೂಲೆಗೇ. ಐದು ನಿಮಿಷದ ಬಳಿಕ ಮೆರಿನೊ ಮೂರನೆಯದು. 3–0. ನಮ್ಮಲ್ಲಿ ಆಗ ನಡುರಾತ್ರಿ ಎರಡು ದಾಟಿತ್ತು. ನಿದ್ದೆ ಎಲ್ಲಿಂದ ಬರಬೇಕು?

ಬೆಳಿಗ್ಗೆ ಆಫೀಸಿನಲ್ಲಿ ಮ್ಯಾಡ್ರಿಡ್ ಬೆಂಬಲಿಸುವ ಗೆಳೆಯನೊಬ್ಬ ಎದುರಾದ. ಅಭಿನಂದನೆಯೇನೋ ಹೇಳಿದ. ಕಾಫಿ ಲೋಟ ಕೈಯಲ್ಲಿ ಹಿಡಿದು ಹೊರಡುವಾಗ, ‘ಇನ್ನೂ ಬರ್ನಬ್ಯೂ ಇದೆ ಗುರು’ ಅಂದ. ಅಷ್ಟೇ ಸಾಕಾಯಿತು. ಅಲ್ಲಿಂದ ಎಂಟು ದಿನ ನನ್ನ ತಲೆಯಲ್ಲಿ ಬೇರೇನೂ ಇಲ್ಲ. ಯಾಕೆಂದರೆ ಅವನು ಹೇಳಿದ್ದಕ್ಕೆ ಚರಿತ್ರೆಯ ಬೆಂಬಲವಿತ್ತು. 1975ರಲ್ಲಿ ಡರ್ಬಿ ಕೌಂಟಿ ವಿರುದ್ಧ 1–4ರಿಂದ ಸೋತು ಬಂದು ತನ್ನ ತವರು ಅಂಗಳ ಬರ್ನಬ್ಯೂದಲ್ಲಿ 5–1ರಿಂದ ಗೆದ್ದ ತಂಡ ಅದು. ಹತ್ತು ವರ್ಷದ ನಂತರ ಯುಇಎಫ್‌ಎ ಕಪ್‌ನಲ್ಲಿ ಜರ್ಮನಿಯ ಮೊಂಚೆನ್‌ಗ್ಲಾಡ್‌ಬಾಕ್ ವಿರುದ್ಧ 1–5ರಿಂದ ಸೋತು, ತವರಿನಲ್ಲಿ 4–0ಯಿಂದ ಗೆದ್ದು ಹೊರಗಿನ ಗೋಲಿನ ಮೇಲೆ ಮುಂದಕ್ಕೆ ಹೋಗಿತ್ತು. ಬರ್ನಬ್ಯೂದಲ್ಲಿ 90 ನಿಮಿಷ ಬಹಳ ದೀರ್ಘ ಎಂದು ಆ ಕಾಲದ ಆಟಗಾರ ಹುವಾನಿಟೊ ಇಂಟರ್ ತಂಡದವರಿಗೆ ಎಚ್ಚರಿಸಿದ ಮಾತು ಇಂದಿಗೂ ಆ ಊರಿನಲ್ಲಿ ಮಂತ್ರದಂತೆ ಓಡಾಡುತ್ತದೆ. ಹಿನ್ನಡೆಯನ್ನು ಉರುಳಿಸಿ ಗೆಲ್ಲುವುದಕ್ಕೆ ಅಲ್ಲಿ ರೆಮೊಂತಾದಾ ಎನ್ನುತ್ತಾರೆ. ಆ ವಾರ ಆ ಪದವನ್ನು ಲೆಕ್ಕವಿಲ್ಲದಷ್ಟು ಸಲ ಕೇಳಿದ್ದೇನೆ ಎನ್ನುವ ಅರ್ಥದಲ್ಲಿ ಮ್ಯಾಡ್ರಿಡ್‌ನ ಜೂಡ್ ಬೆಲ್ಲಿಂಗ್‌ಹ್ಯಾಮ್ ಅವರೇ ಪತ್ರಿಕಾಗೋಷ್ಠಿಯಲ್ಲಿ ಮಾತನಾಡಿದರು.

ನಡುವಿನ ವಾರದಲ್ಲಿ ಅಭಿಮಾನಿ ಎಲ್ಲವನ್ನೂ ಶಕುನದಂತೆ ಓದುತ್ತಾನೆ. ಶನಿವಾರ ಆರ್ಸೆನಲ್ ತವರಿನಲ್ಲಿ ಬ್ರೆಂಟ್‌ಫರ್ಡ್ ಜತೆ 1–1 ಮಾಡಿಕೊಂಡಿತು. ಸುಸ್ತಾಗಿದ್ದಾರೆಯೇ, ಮನಸ್ಸು ಬುಧವಾರದ ಮೇಲಿದೆಯೇ? ಭಾನುವಾರ ಅಲಾವೆಸ್ ವಿರುದ್ಧ ಎಂಬಾಪೆ ಕೆಂಪು ಕಾರ್ಡ್ ಪಡೆದರು. ಅದು ಸ್ಪ್ಯಾನಿಷ್ ಲೀಗ್‌ನ ಶಿಕ್ಷೆ, ನಮ್ಮ ಪಂದ್ಯಕ್ಕೆ ಲೆಕ್ಕಕ್ಕಿಲ್ಲ. ವಾರಾಂತ್ಯದಲ್ಲಿ ವಿಶ್ರಾಂತಿ ಸಿಗದೆ ಸಿಟ್ಟಿನಲ್ಲಿ ಬಂದರೆ ನಮಗೆ ಒಳ್ಳೆಯದೋ ಕೆಟ್ಟದ್ದೋ? ಕಮವಿಂಗಾ ಮೊದಲ ಲೆಗ್‌ನ ಕೊನೆಯಲ್ಲಿ ಎರಡನೇ ಹಳದಿ ಕಾರ್ಡ್ ಪಡೆದು ಹೊರಬಿದ್ದಿದ್ದರು, ಆದ್ದರಿಂದ ಅವರಿಲ್ಲ. ಇಷ್ಟೇ ಅಲ್ಲದೆ ಕಾರ್ಡುಗಳದ್ದೇ ಒಂದು ಪ್ರತ್ಯೇಕ ಲೆಕ್ಕವಿದೆ. ಟೂರ್ನಿಯಲ್ಲಿ ಮೂರು ಹಳದಿಯಾದರೆ ಒಂದು ಪಂದ್ಯ ಹೊರಗೆ. ಕ್ವಾರ್ಟರ್‌ಫೈನಲ್ ಮುಗಿದ ಮೇಲೆ ಹಳೆಯ ಹಳದಿಗಳೆಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಎಂಟರ ಘಟ್ಟದ ಎರಡನೇ ಲೆಗ್‌ವರೆಗೆ ಎರಡು ಹಳದಿ ಇಟ್ಟುಕೊಂಡ ಆಟಗಾರ ಪ್ರತಿ ಟ್ಯಾಕಲ್‌ಗೆ ಹೋದಾಗಲೂ ನಮ್ಮ ಜೀವ ಬಾಯಿಗೆ ಬರುತ್ತದೆ.

ಏಪ್ರಿಲ್ 16ರ ರಾತ್ರಿ ಆರ್ಸೆನಲ್‌ಗೆ ಬೇಗನೆ ಪೆನಾಲ್ಟಿ ಸಿಕ್ಕಿತು. ಸಾಕಾ ಚೆಂಡನ್ನು ನಯವಾಗಿ ಮಧ್ಯಕ್ಕೆ ಎತ್ತಿ ಹಾಕಲು ಹೋದರು, ಕೋರ್ತ್ವಾ ತಡೆದರು. ಸ್ವಲ್ಪ ಹೊತ್ತಿಗೆ ಮ್ಯಾಡ್ರಿಡ್‌ಗೆ ಪೆನಾಲ್ಟಿ ಎಂದು ರೆಫರಿ ಕೈ ತೋರಿಸಿದರು. ವಿಎಆರ್ ಪರಿಶೀಲನೆ ಐದು ನಿಮಿಷದಷ್ಟು ಎಳೆಯಿತು. ಆ ಐದು ನಿಮಿಷದಲ್ಲಿ ಎಂಟು ದಿನದ ಭಯವೆಲ್ಲ ಒಟ್ಟಿಗೆ ಎದುರು ಬಂದು ನಿಂತಿತ್ತು. ಕೊನೆಗೆ ಪೆನಾಲ್ಟಿ ರದ್ದಾಯಿತು. 65ನೇ ನಿಮಿಷದಲ್ಲಿ ಅದೇ ಸಾಕಾ, ಅದೇ ಕೋರ್ತ್ವಾ ತಲೆಯ ಮೇಲಿಂದ ಅಷ್ಟೇ ನಯವಾಗಿ ಚೆಂಡನ್ನು ಎತ್ತಿಬಿಟ್ಟರು. ಈ ಸಲ ಗೋಲು. ಎರಡೇ ನಿಮಿಷದಲ್ಲಿ ವಿನಿಸಿಯಸ್ ಒಂದು ಹಿಂತಿರುಗಿಸಿದರೂ ಕ್ರೀಡಾಂಗಣದ ಗದ್ದಲಕ್ಕೆ ಮೊದಲಿನ ಕಸುವು ಉಳಿದಿರಲಿಲ್ಲ. ಇಂಜುರಿ ಅವಧಿಯಲ್ಲಿ ಮಾರ್ಟಿನೆಲಿ ಓಡಿದರು, ಹೊಡೆದರು, 2–1. ಮ್ಯಾಡ್ರಿಡ್ ಎರಡೂ ಲೆಗ್ ಸೋತಿತ್ತು. ಸೆಮಿಫೈನಲ್‌ನಲ್ಲಿ ಪಿಎಸ್‌ಜಿ ನಮ್ಮನ್ನು ಎರಡೂ ಲೆಗ್‌ಗಳಲ್ಲಿ ಸೋಲಿಸಿತು, ಅದು ಬೇರೆ ಮಾತು. ಡೊನ್ನರುಮಾ ಅಲ್ಲೂ ಇದ್ದರು.

ಭಾರತದಲ್ಲಿ ಕೂತು ನೋಡುವವರಿಗೆ ಗಡಿಯಾರವೂ ಈ ಕಾಯುವಿಕೆಯ ಭಾಗ. ಅಲ್ಲಿ ರಾತ್ರಿ 9 ಎಂದರೆ ಚಳಿಗಾಲದಲ್ಲಿ ನಮಗೆ ನಸುಕಿನ 1.30. ಮಾರ್ಚ್ ಕೊನೆಯ ಭಾನುವಾರ ಯುರೋಪಿನವರು ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟ ಮೇಲೆ ಅದು 12.30 ಆಗುತ್ತದೆ. ಹಾಗಾಗಿ ಪ್ಲೇಆಫ್ ಮತ್ತು 16ರ ಘಟ್ಟ ನಮಗೆ ಅತ್ಯಂತ ಕಠಿಣ. ಕ್ವಾರ್ಟರ್‌ಫೈನಲ್‌ನಿಂದ ಒಂದು ಗಂಟೆ ನಿದ್ದೆ ಮರಳಿ ಸಿಗುತ್ತದೆ. ಹೆಚ್ಚುವರಿ ಸಮಯ, ಶೂಟೌಟ್ ಆಯಿತೆಂದರೆ ಮಾರ್ಚ್‌ನಲ್ಲಿ ಹಾಲಿನ ಗಾಡಿ ಬರುವ ಹೊತ್ತು. ಮನೆಯವರು ಎಚ್ಚರಗೊಳ್ಳಬಾರದೆಂದು ಟಿವಿ ದನಿ ಪೂರ್ತಿ ತಗ್ಗಿಸಿ ನೋಡುವುದು ನಮ್ಮಲ್ಲಿ ಎಷ್ಟೋ ಮಂದಿಗೆ ಅಭ್ಯಾಸ. ಗೋಲಾದಾಗ ಕೂಗುವಂತಿಲ್ಲ, ದಿಂಬು ಹಿಡಿದು ಎದ್ದು ನಿಲ್ಲುತ್ತೇವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಯಾರದೋ ನೆಟ್ ಅರ್ಧ ನಿಮಿಷ ಮುಂದಿರುತ್ತದೆ, ಅದಕ್ಕೇ ಫೋನನ್ನು ಮಗುಚಿ ಇಡಬೇಕು. ಈ ಸಣ್ಣಪುಟ್ಟ ಶಿಸ್ತುಗಳನ್ನು ಯಾರೂ ಕಲಿಸುವುದಿಲ್ಲ.

ಎರಡು ಲೆಗ್‌ಗಳ ರುಚಿಯನ್ನು ಬೆಂಗಳೂರು ತನ್ನದೇ ಅಂಗಳದಲ್ಲೂ ಉಂಡಿದೆ. 2016ರಲ್ಲಿ ಏಷ್ಯಾದ ಕ್ಲಬ್‌ಗಳ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಬೆಂಗಳೂರು ಎಫ್‌ಸಿ ಹಾಲಿ ಚಾಂಪಿಯನ್ ಆಗಿದ್ದ ಮಲೇಷ್ಯಾದ ಜೊಹೊರ್ ದಾರುಲ್ ತಾಜಿಮ್ ವಿರುದ್ಧ ಅವರ ನೆಲದಲ್ಲಿ 1–1 ಮಾಡಿಕೊಂಡು ಬಂತು. ಅಕ್ಟೋಬರ್ 19ರಂದು ಕಂಠೀರವದಲ್ಲಿ ಎರಡನೇ ಲೆಗ್. ಹೊರಗಿನ ಗೋಲಿನ ನಿಯಮವಿದ್ದ ಕಾಲ, 0–0 ಸಾಕಿತ್ತು. ಆದರೆ ಜೊಹೊರ್ ಮೊದಲೇ ಗೋಲು ಹೊಡೆದು ಆ ಲೆಕ್ಕವನ್ನು ಹರಿದು ಹಾಕಿತು. ವಿರಾಮಕ್ಕೆ ಮುಂಚೆ ಸುನಿಲ್ ಚೆಟ್ರಿ ಸಮ ಮಾಡಿದರು, ವಿರಾಮದ ನಂತರ ದೂರದಿಂದ ಇನ್ನೊಂದು ಹೊಡೆದರು, ಹುವಾನನ್ ಮೂರನೆಯದು. ಭಾರತದ ಕ್ಲಬ್ಬೊಂದು ಮೊದಲ ಬಾರಿಗೆ ಆ ಟೂರ್ನಿಯ ಫೈನಲ್ ತಲುಪಿತು. ಪಶ್ಚಿಮ ದಿಕ್ಕಿನ ಸ್ಟ್ಯಾಂಡ್‌ನಿಂದ ವೆಸ್ಟ್ ಬ್ಲಾಕ್ ಬ್ಲೂಸ್ ಎಬ್ಬಿಸಿದ ಸದ್ದಿಗೂ ಯುರೋಪಿನ ಯಾವುದೇ ರಾತ್ರಿಯ ಸದ್ದಿಗೂ ವ್ಯತ್ಯಾಸ ಹುಡುಕುವುದು ಕಷ್ಟ. ಆ ತಂಡದ ಕೋಚ್ ಆಲ್ಬರ್ಟ್ ರೊಕಾ, 2006ರಲ್ಲಿ ಪ್ಯಾರಿಸ್‌ನಲ್ಲಿ ಆರ್ಸೆನಲ್ ತಂಡವನ್ನು ಸೋಲಿಸಿದ ಬಾರ್ಸಿಲೋನಾದ ತರಬೇತಿ ಬಳಗದಲ್ಲಿದ್ದವರು. ಅಂದು ನಮಗೆ ಅಷ್ಟು ನೋವು ಕೊಟ್ಟ ಬಳಗದವರೊಬ್ಬರು ಹತ್ತು ವರ್ಷದ ಮೇಲೆ ನಮ್ಮೂರಿಗೆ ಇಷ್ಟು ದೊಡ್ಡ ಸಂತೋಷ ಕೊಟ್ಟರು.

ಈ ನಡುವಿನ ದಿನಗಳು ಕಡಿಮೆಯಾಗುತ್ತಿರುವುದು ನನಗೆ ಚಿಂತೆ. ಹಿಂದೆ 16ರ ಘಟ್ಟದ ಎರಡು ಲೆಗ್‌ಗಳ ನಡುವೆ ಎರಡು-ಮೂರು ವಾರ ಇರುತ್ತಿತ್ತು. 2012ರಲ್ಲಿ ಮಿಲಾನ್‌ನಲ್ಲಿ 0–4ರಿಂದ ಸೋತ ಆರ್ಸೆನಲ್ ತವರಿನ ಪಂದ್ಯಕ್ಕೆ ಮಾರ್ಚ್ 6ರವರೆಗೆ ಕಾಯಬೇಕಿತ್ತು. ಮೊದಲ ವಾರ ಬರೀ ಅವಮಾನ. ಎರಡನೇ ವಾರ ‘ಹೋಗಲಿ ಬಿಡು’. ಮೂರನೇ ವಾರ ಒಂದು ಹುಚ್ಚು ಆಸೆ ಮೆಲ್ಲಗೆ ಚಿಗುರಿತು. ಅಂದು ಕೊಸಿಯೆಲ್ನಿ, ರೊಸಿಸ್ಕಿ, ವ್ಯಾನ್ ಪರ್ಸಿ ಮೊದಲಾರ್ಧದಲ್ಲೇ ಮೂರು ಗೋಲು ಹೊಡೆದರು. ದ್ವಿತೀಯಾರ್ಧದಲ್ಲಿ ವ್ಯಾನ್ ಪರ್ಸಿ ಹತ್ತಿರದಿಂದ ಎತ್ತಿ ಹೊಡೆದ ಚೆಂಡನ್ನು ಮಿಲಾನ್ ಗೋಲ್‌ಕೀಪರ್ ಅಬ್ಬಿಯಾಟಿ ಕೈಚಾಚಿ ತಡೆದರು. ಒಂದು ಗೋಲಿನಿಂದ ಹೊರಬಿದ್ದೆವು. ಮೂರು ವಾರದ ಆ ನಿಧಾನದ ಚಿಗುರು ಒಂದು ವಾರದಲ್ಲಿ ಸಾಧ್ಯವಿಲ್ಲ. 2020ರ ಆಗಸ್ಟ್‌ನಲ್ಲಿ ಕೋವಿಡ್ ಕಾರಣಕ್ಕೆ ಕ್ವಾರ್ಟರ್‌ಫೈನಲ್‌ನಿಂದ ಮುಂದಿನದನ್ನೆಲ್ಲ ಲಿಸ್ಬನ್‌ನಲ್ಲಿ ಖಾಲಿ ಕ್ರೀಡಾಂಗಣಗಳಲ್ಲಿ ಒಂದೊಂದೇ ಪಂದ್ಯವಾಗಿ ಆಡಿಸಿದರು. ಬಯರ್ನ್ ಬಾರ್ಸಿಲೋನಾವನ್ನು 8–2ರಿಂದ ಬಡಿಯಿತು. ರೋಚಕವಾಗಿತ್ತು ಎಂದು ಹಲವರು ಹೊಗಳಿದರು, ಇದನ್ನೇ ಖಾಯಂ ಮಾಡಿ ಎಂಬ ಮಾತೂ ಎದ್ದಿತು. ನಾನು ಒಪ್ಪಲಾರೆ. 8–2 ಆದ ಮೇಲೆ ಬಾರ್ಸಿಲೋನಾ ಬೆಂಬಲಿಗನಿಗೆ ಕಾಯಲು ಏನೂ ಉಳಿದಿರಲಿಲ್ಲ. ಹಿಂದಿನ ವರ್ಷ ಇದೇ ಬಾರ್ಸಿಲೋನಾ ಎದುರು ಮೊದಲ ಲೆಗ್‌ನಲ್ಲಿ 0–3ರಿಂದ ಸೋತ ಲಿವರ್‌ಪೂಲ್‌ಗೆ ಆರು ದಿನ ಉಳಿದಿತ್ತು. ಆ ಆರು ದಿನದಲ್ಲಿ ಸಲಾ ತಲೆಗೆ ಪೆಟ್ಟು ಬಿದ್ದು ಹೊರಗುಳಿದರು, ಫರ್ಮಿನೊ ಮೊದಲೇ ಗಾಯಾಳು. ಆದರೂ ಆ್ಯನ್‌ಫೀಲ್ಡ್‌ನಲ್ಲಿ ಒರಿಗಿ ಎರಡು, ವೈನಾಲ್ಡಮ್ ಎರಡು. ಎದುರಾಳಿಗಳು ಇನ್ನೂ ಜಾಗ ಹಿಡಿಯುವ ಮುನ್ನವೇ ಅಲೆಕ್ಸಾಂಡರ್-ಆರ್ನಲ್ಡ್ ಕಾರ್ನರ್ ಹೊಡೆದು ನಾಲ್ಕನೆಯದನ್ನು ಒದಗಿಸಿದ್ದು ನೆನಪಿರದ ಫುಟ್‌ಬಾಲ್ ಪ್ರೇಮಿ ಯಾರಿದ್ದಾರೆ?

ಈ ಸಲದ ಫೈನಲ್ 2026ರ ಮೇ 30ರಂದು ಬುಡಾಪೆಸ್ಟ್‌ನ ಪುಷ್ಕಾಶ್ ಅರೆನಾದಲ್ಲಿ. ಹಂಗೇರಿಯ ಫೆರೆನ್ಸ್ ಪುಷ್ಕಾಶ್ 1960ರಲ್ಲಿ ಗ್ಲಾಸ್ಗೋದ ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್ ಪರ ನಾಲ್ಕು ಗೋಲು ಹೊಡೆದವರು. ಐನ್ಟ್ರಾಕ್ಟ್ ಫ್ರಾಂಕ್‌ಫರ್ಟ್ ವಿರುದ್ಧ 7–3 ಆದ ಆ ಪಂದ್ಯದಲ್ಲಿ ಉಳಿದ ಮೂರನ್ನು ಡಿ ಸ್ಟೆಫಾನೊ ಹೊಡೆದಿದ್ದರು. ಪುಷ್ಕಾಶ್ ಹೆಸರಿನ ಅಂಗಳದಲ್ಲಿ ಈ ಕಪ್ ಎತ್ತುವುದು ಯಾವ ತಂಡಕ್ಕಾದರೂ ದೊಡ್ಡದೇ. ಫೈನಲ್ ಅಲ್ಲಿನ ಸಂಜೆ 6ಕ್ಕೆ ಶುರು, ಅಂದರೆ ನಮಗೆ ರಾತ್ರಿ 9.30. ಶನಿವಾರ ಬೇರೆ. ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಟಿವಿ ದನಿ ಏರಿಸಿ ನೋಡಬಹುದು.

ಅಲ್ಲಿಗೆ ಹೋಗುವ ದಾರಿಯಲ್ಲಿ ಮೊದಲ ಎಂಟರೊಳಗೆ ಮುಗಿಸಿದವರಿಗೂ ಆರು ಪಂದ್ಯ, ಮೂರು ಕಾಯುವಿಕೆ ಇದ್ದೇ ಇವೆ. ಅದೇ ಮ್ಯಾಡ್ರಿಡ್ ಗೆಳೆಯ ಮೊನ್ನೆ ಊಟದ ಹೊತ್ತಿಗೆ ಕೇಳಿದ: ‘ಹೊರಗಿನ ಲೆಗ್‌ನಲ್ಲಿ 1–1 ಈಗಲೇ ಕೊಡ್ತೀನಿ ಅಂದ್ರೆ ತಗೋತೀಯಾ?’ ನಾಕೌಟ್ ಶುರುವಾಗುವ ಮುನ್ನ ಬೆಂಬಲಿಗರು ಒಬ್ಬರಿಗೊಬ್ಬರು ಹಾಕುವ ಹಳೆಯ ಪ್ರಶ್ನೆ ಇದು. ತವರಿನಲ್ಲಿ ಮುಗಿಸಬಹುದಾದ, ಬುದ್ಧಿವಂತರು ಒಪ್ಪಿಕೊಳ್ಳುವ ಫಲಿತಾಂಶ. ಇಲ್ಲ ಅಂದೆ. ನನಗೆ ಗೆಲುವೇ ಬೇಕು, ಅದೂ ಎರಡು ಗೋಲಿನಿಂದ. ‘ಎರಡು ಗೋಲಿನಿಂದ ಗೆದ್ದರೂ ವಾರವಿಡೀ ನಿದ್ದೆ ಮಾಡಲ್ಲ ನೀನು’ ಅಂದ ಅವನು. ಅದು ನಿಜವೇ, ಮೂರರಿಂದ ಗೆದ್ದಾಗಲೂ ಮಾಡಿರಲಿಲ್ಲ ಎಂದು ಹೇಳಿ ಊಟ ಮುಂದುವರಿಸಿದೆ.